ಬಾಳೆಹಣ್ಣಿನ ಬೀಗ

"ಗುಂಡಮ್ಮ ಮಾತಾಡೋ ಹಾಗೆ ಕಂಡ್ರೆ ತಕ್ಷಣ ಬಾಯಿಗೆ ಬಾಳೆಹಣ್ಣು ಇಟ್ಬಿಡಿ," ಎಂದಳು ಹೆಂಡತಿ, ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತ. "ನಾನು ಬರೋ ತನಕ ಅವಳು ಒಂದಕ್ಷರ ಆಡಕೂಡದು. ಮೊದಲ ಹಲ್ಲು ಬಂದಾಗ ನಾನು ಅಂಗಡೀಲಿದ್ದೆ. ಮೊದಲ ಹೆಜ್ಜೆ ಇಟ್ಟಾಗ್ಲೂ ಅಂಗಡೀಲಿದ್ದೆ. ಮೊದಲ ಮಾತಾದ್ರೂ ನನಗಿರಲಿ ರೀ."

"ಬರೋ ಮಾತನ್ನ ನಾನು ಹಿಡ್ಕೊಳ್ಳೋಕಾಗತ್ತಾ?"

"ಹನ್ನೊಂದು ವರ್ಷ ಅಷ್ಟೊಂದು ರೈಲುಗಳನ್ನ ತಡ ಮಾಡಿದೋರು ನೀವು. ಒಂದು ಮಾತನ್ನ ಸಂಜೆ ತನಕ ತಡ ಮಾಡೋಕಾಗಲ್ವಾ?"

ರೈಲು ತಡ ಮಾಡಿದ್ದು ಅವನಲ್ಲ, ಪಾಪ. ಅವನು ಸ್ಟೇಷನ್ನಿನ ಮೈಕ್ ಮುಂದೆ ಕೂತು, ತಡವಾಗಿದೆ ಎಂದು ಹೇಳುತ್ತಿದ್ದವನು, ಅಷ್ಟೆ. ಬೈಯುವವರು ಇಂಥ ವ್ಯತ್ಯಾಸವನ್ನೆಲ್ಲ ಎಲ್ಲಿ ನೋಡುತ್ತಾರೆ? ಹೆಂಡತಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ಹೆರಿಗೆ ರಜೆ ಮುಗಿದ ದಿನ, ಮಗಳನ್ನು ನೋಡಿಕೊಳ್ಳಲು ಇವನ ರಜೆ ಶುರುವಾಗಿತ್ತು. ಆದರೆ ಹಾಳಾದ ಅಭ್ಯಾಸ ಬಿಡಬೇಕಲ್ಲ! "ದಯವಿಟ್ಟು ಗಮನಿಸಿ. ಬಟ್ಟೆ ಒಗೆಯುವ ಮಷೀನು ಇನ್ನೇನು ಹೊರಡಲಿದೆ," ಎಂದು ಅವನು ಅಡುಗೆಮನೆಯಿಂದ ಘೋಷಿಸಿದರೆ ಸಾಕು, ಗುಂಡಮ್ಮ ದಡಬಡ ಪುಟ್ಟ ಹೆಜ್ಜೆಯಿಟ್ಟು ಬಂದು, ಮಷೀನಿನ ಗಾಜಿನ ಬಾಗಿಲ ಮುಂದೆ ಕೂತು, ತಿರುಗುವ ಕಾಲುಚೀಲಗಳಿಗೆಲ್ಲ ಟಾಟಾ ಮಾಡುತ್ತಿದ್ದಳು. "ಊಟವು ಕಾರಣಾಂತರಗಳಿಂದ ಐದು ನಿಮಿಷ ತಡವಾಗಿ ಬರಲಿದೆ," ಎಂದರೆ ಅಳದೆ ಕಾಯುತ್ತಿದ್ದಳು. ಇಷ್ಟು ಗಮನವಿಟ್ಟು ಅವನ ಮಾತು ಕೇಳಿದ ಪ್ರಯಾಣಿಕರು ಹನ್ನೊಂದು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಇದಕ್ಕಿಂತ ಸುಖದ ನೌಕರಿ ಇನ್ನೊಂದಿಲ್ಲ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿಬಿಟ್ಟಿತ್ತು.

ಹತ್ತೂವರೆಗೆ ಕಿಟಕಿಯಲ್ಲಿ ಪಾರಿವಾಳ ಕೂತಿತು. ಗುಂಡಮ್ಮ ಬೆರಳು ತೋರಿಸಿ, "ತ..." ಎಂದಳು. ಅವನ ಜೀವ ಬಾಯಿಗೆ ಬಂತು. ಬಾಳೆಹಣ್ಣು! ಹನ್ನೆರಡಕ್ಕೆ ಬಕೆಟ್ಟಿನೊಳಗೆ ತಲೆ ಹಾಕಿ, "ತ... ತ..." ಬಾಳೆಹಣ್ಣು! ಮಧ್ಯಾಹ್ನದ ಹೊತ್ತಿಗೆ ಅರ್ಧ ಚಿಪ್ಪು ಖಾಲಿ. ಮೂರು ಗಂಟೆಗೆ ಕೆಳಗಿನ ಮನೆಯ ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಏನಪ್ಪಾ ಇದು, ಬೆಳಗಿಂದ ಮಗು ಬಾಯಿ ಮುಚ್ಚಿಸ್ತಾ ಇದೀಯ?"

"ಇಲ್ದಿದ್ರೆ ಮಾತಾಡ್ಬಿಡತ್ತೆ ಅಜ್ಜಿ. ಅವರಮ್ಮ ಬರೋ ತನಕ ಆಡೋ ಹಾಗಿಲ್ಲ."

ಮೈಮೇಲೆ ಎರಗುತ್ತಾರೆ ಎಂದುಕೊಂಡ. ಆದರೆ ಅಜ್ಜಿ ಸರಸರ ಇಳಿದು ಹೋಗಿ ನಾಲ್ಕು ಬಾಳೆಹಣ್ಣು ಹಿಡಿದುಕೊಂಡು ಬಂದರು. "ತಗೋ. ನನ್ನ ಮಗನ ಮೊದಲ ಮಾತು ಪಕ್ಕದ ಮನೆಯವಳ ಕಿವಿಗೆ ಬಿತ್ತು. ನಲವತ್ತು ವರ್ಷ ಆಯ್ತು, ಇವತ್ತಿಗೂ ಅವಳನ್ನ ನಾನು ಮಾತಾಡ್ಸಲ್ಲ," ಎಂದು ಅಲ್ಲೇ ಕಾವಲು ಕೂತರು.

ಐದು ಗಂಟೆಗೆ ಫೋನ್ ಬಂತು. "ರೀ, ಆಡಿಬಿಟ್ಲಾ?"

"ಇನ್ನೂ ಇಲ್ಲ. ಬೇಗ ಬಾ ಮಾರಾಯ್ತಿ, ಹಣ್ಣು ಮುಗೀತಾ ಬಂತು."

"ಅರ್ಧ ಗಂಟೆ ತಡ ಆಗತ್ತೆ. ಇಲ್ಲೊಬ್ಬ ಗಿರಾಕಿ ಕುರ್ಚಿ ಬಿಟ್ಟು ಏಳ್ತಿಲ್ಲ. ಈ ಗ್ಲಾಸಲ್ಲಿ ಚೆನ್ನಾಗಿ ಕಾಣತ್ತೋ, ಆ ಗ್ಲಾಸಲ್ಲೋ ಅಂತ ಕೇಳಿದ್ರೆ, ಇನ್ನೊಂದ್ಸಲ ತೋರ್ಸಿ ಅಂತಾನೆ. ಮೂವತ್ತನೇ ಸಲ ರೀ ಇದು!"

ಅವನು ಮಗಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ದಯವಿಟ್ಟು ಗಮನಿಸಿ. ಕನ್ನಡಕದಂಗಡಿಯಿಂದ ಬರಬೇಕಾದ ಅಮ್ಮ, ಅರ್ಧ ಗಂಟೆ ತಡ." ಐದೂವರೆಗೆ ಮತ್ತೆ ಫೋನ್: ಅಮ್ಮ, ಒಂದು ಗಂಟೆ ತಡ. ಆರಕ್ಕೆ ಮತ್ತೆ: ಅಮ್ಮ, ಒಂದೂವರೆ ಗಂಟೆ ತಡ. ಪ್ರತಿಸಲವೂ ಗುಂಡಮ್ಮ ಒಮ್ಮೆ ಬಾಗಿಲನ್ನೂ ಒಮ್ಮೆ ಅವನ ತುಟಿಗಳನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವನು ಕೊನೆಯ ಹಣ್ಣನ್ನು ಚೂರು ಚೂರು ಮಾಡಿ ಕೊಡತೊಡಗಿದ.

ಆರೂಮುಕ್ಕಾಲಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಹೆಂಡತಿ ಒಳಗೆ ಓಡಿಬಂದು ಮಗಳ ಮುಂದೆ ಕುಕ್ಕರಿಸಿದಳು. ಗಂಡನ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

"ಸದ್ಯ!" ಎಂದಳು. ಆಗಲೇ ಕಣ್ಣು ತುಂಬಿತ್ತು. "ಬಂದೆ ಕಣೇ ನನ್ನ ಬಂಗಾರ. ಈಗ ಆಡು. ಎಷ್ಟು ಬೇಕಾದ್ರೂ ಆಡು. ಅಮ್... ಮ..."

ಅಜ್ಜಿ ಕೂತಲ್ಲೇ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಗುಂಡಮ್ಮ ಬಾಯಲ್ಲಿದ್ದ ಹಣ್ಣಿನ ಚೂರನ್ನು ತಾನೇ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಂದಿಷ್ಟೂ ತೊದಲದೆ ಹೇಳಿದಳು:

"ತಡ."

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಇಡೀ ದಿನ ಮಗಳ ಬಾಯಿ ಕಾದಿದ್ದ, ತನ್ನ ಬಾಯಿ ಕಾಯುವುದು ಹೊಳೆದೇ ಇರಲಿಲ್ಲ. ಹೆಂಡತಿ ಕೈಯಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಥೇಟ್ ಗಂಡನ ಮೈಕಿನ ದನಿಯಲ್ಲೇ ಶುರು ಮಾಡಿದಳು.

"ತಮಗೆ ಉಂಟಾದ ಅನಾನುಕೂಲಕ್ಕೆ... ನಾವು..."

ಕಣ್ಣೊರೆಸಿಕೊಂಡು, 'ವಿಷಾದಿಸುತ್ತೇವೆ' ಎನ್ನಲು ಮತ್ತೆ ಬಾಯಿ ತೆರೆದಳು. ಗುಂಡಮ್ಮ ಅಪ್ಪನ ಅಂಗೈಯಿಂದ ಹಣ್ಣಿನ ಚೂರನ್ನು ಎತ್ತಿಕೊಂಡು, ಅಮ್ಮನ ಬಾಯಿಗೆ ಇಟ್ಟುಬಿಟ್ಟಳು.