ಪ್ರದರ್ಶನದ ಮಂಜುಗಡ್ಡೆ

ಬಳ್ಳಾರಿಯ ಹವಾಮಾನ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಮಂಜುಗಡ್ಡೆಯನ್ನು ಕಾಯುವುದು ಹುಲಿಗೆಮ್ಮನ ಕೆಲಸ. ಮನೆಗಳ ಫ್ರಿಜ್ಜುಗಳಿಗೆ ಕರೆಂಟು ನಿಲ್ಲಿಸಿದ ಮೇಲೆ ಊರಿನಲ್ಲಿ ಉಳಿದದ್ದು ಅದೊಂದೇ. ವೇದಿಕೆಯ ಮೇಲೆ ಭಾಷಣಕಾರರು ಕರಗಿಹೋದ ಹಿಮಾಲಯದ ಕಥೆ ಹೇಳುತ್ತಿದ್ದಾಗ, ಜ್ವರದಿಂದ ಸುಡುತ್ತಿದ್ದ ಮಗಳನ್ನು ಎತ್ತಿಕೊಂಡು ಯರ್ರಿಸ್ವಾಮಿ ಎಂಬಾತ ನುಗ್ಗಿ ಬಂದು, ಕಲ್ಲಿನಿಂದ ಗಾಜು ಒಡೆದ.

"ಹಿಂದಕ್ಕ ಸರಿಯೋ!" ಎಂದು ಹುಲಿಗೆಮ್ಮ ಲಾಠಿ ಬೀಸಿದಳು. ಅವನ ತಲೆ ಒಡೆದು ರಕ್ತ ಚಿಮ್ಮಿತು. ಮಗಳ ಮೇಲೆ ಬೋರಲು ಬಿದ್ದವನನ್ನು ತುಳಿದುಕೊಂಡೇ ಜನ ಮಂಜುಗಡ್ಡೆಗೆ ಮುಗಿಬಿದ್ದರು. ಗಾಜಿನ ಚೂರಿಗೆ ಕೈ ಕೊಯ್ದುಕೊಂಡರೂ ಬಿಡದೆ, ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡರು.

ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ನೆಲದ ಮೇಲಿನ ಮಂಜುಗಡ್ಡೆಯ ಒಂದು ತುಣುಕನ್ನು ಹೆಕ್ಕಿ ಯರ್ರಿಸ್ವಾಮಿಯ ಗಾಯಕ್ಕೆ ಒತ್ತಿದಳು.

"ಹಂಗಽ ಹಿಡ್ಕೋಪ್ಪಾ, ರಕ್ತ ನಿಲ್ತದ."

ಅವನು ಅದನ್ನು ತೆಗೆದು, ಅಂಗಿಗೆ ಒರೆಸಿ, ಮಗಳ ನಾಲಿಗೆಯ ಮೇಲಿಟ್ಟ.