ಅಕ್ಕನ ಪಾಯಿಂಟು

ಇವತ್ತು ಲೋಕಲ್ ರೈಲಿನಲ್ಲಿ ಎದುರು ಕೂತ ಹುಡುಗಿಯ ಮಡಿಲಲ್ಲಿ ಬಾಸ್ಕೆಟ್‌ಬಾಲ್ ಇತ್ತು. ಬಿಸಿಲಿಗೆ ಕಾದ ಆ ರಬ್ಬರಿನ ವಾಸನೆಗೆ, ಆಫೀಸಿನ ದಣಿವಿನಲ್ಲೇ ಕಣ್ಣು ಮುಚ್ಚಿಕೊಂಡೆ.

ನಾನು ಶಾಲೆಗೆ ಹೋಗುತ್ತಿದ್ದಾಗ, ಭಾಂಡುಪ್‌ನ ನಮ್ಮ ಕಾಲೊನಿಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಅಕ್ಕ ಆಡುತ್ತಿದ್ದಳು. ಯಾರು ಎಷ್ಟು ಪಾಯಿಂಟ್ ಹೊಡೆದರೆಂದು ಬರೆದಿಡುವ ಕೆಲಸವನ್ನು ಕೋಚ್ ಸರ್ ನನಗೆ ಕೊಟ್ಟಿದ್ದರು. ಗಣಿತದ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದೆ. ಆ ಮಧ್ಯಾಹ್ನ ಕ್ಯಾಪ್ಟನ್ ಆರಿಸಲು ಸರ್ ನನ್ನ ಪುಟ ನೋಡಿದರು. ಅಕ್ಕನ ಹೆಸರು ಎಲ್ಲರಿಗಿಂತ ಕೆಳಗಿತ್ತು.

"ಜಿಸ್ಕಾ ಪಾಯಿಂಟ್ ಜ್ಯಾದಾ, ವೋ ಕ್ಯಾಪ್ಟನ್," ಎಂದು, ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಹೊಡೆದಿದ್ದ ಬೇರೊಬ್ಬಳ ಹೆಸರು ಹೇಳಿದರು. ನನ್ನ ಗೆರೆಗಳು ಎಷ್ಟು ನೆಟ್ಟಗಿವೆ ಎಂದು ನಾನು ಬೀಗುತ್ತಿದ್ದೆ.

ಮನೆಗೆ ಬಂದು ಪುಟವನ್ನು ಅವ್ವನಿಗೂ ತೋರಿಸಿದೆ. ಧಾರವಾಡದ ಅವ್ವನಿಗೆ ಆಟದ ನಿಯಮ ಗೊತ್ತಿರಲಿಲ್ಲ. ಕಿಟಕಿಯಿಂದ ದಿನಾ ನೋಡುತ್ತಿದ್ದಳು, ಅಷ್ಟೆ. ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಎಲ್ಲಾರ ಕೈಗೂ ಚೆಂಡು ಕೊಡಾಕಿ ನಿಮ್ಮಕ್ಕನ ಅಲ್ಲೇನ? ಉಂಡವರ ಲೆಕ್ಕ ಬರದಿ. ಬಡಿಸಿದಾಕಿದು ಎಲ್ಲೈತಿ?"

ಅದಕ್ಕೆ ನಾನು ಗೆರೆಯನ್ನೇ ಎಳೆದಿರಲಿಲ್ಲ.

ಅಕ್ಕ ಸೆಕೆಗೆ ಸೋತು ಗೋಡೆಗೆ ಒರಗಿ ಕೂತಿದ್ದಳು. ಅವ್ವ ಮೊದಲ ಬಿಸಿ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದಳು. ಅಕ್ಕ ಅದನ್ನು ಎತ್ತಿ ನನ್ನ ತಟ್ಟೆಗಿಟ್ಟು, ತಾನು ಮುಂದಿನದಕ್ಕೆ ಕಾಯುತ್ತ ಕೂತಳು.