ತೀರ್ಕೊಂಡೋರ ಟ್ರೈನ್‌ಗೆ ನಮ್ಮಲ್ಲೂ ಸ್ಟಾಪ್

ಈ ತಿಂಗಳಿಂದ ತೀರ್ಕೊಂಡೋರ ಟ್ರೈನ್ ನಮ್ಮ ಮಾವಿನಪಾಳ್ಯದಲ್ಲೂ ನಿಲ್ಲುತ್ತೆ. ಮುಂಚೆ ಅವ್ರನ್ನ ಹತ್ತಿಸೋಕೆ ಜಂಕ್ಷನ್‌ವರೆಗೂ ಹೋಗ್ಬೇಕಿತ್ತು, ಈಗ ಮನೆ ಹತ್ರಾನೇ ಆಯ್ತಲ್ಲ ಅಂತ ಏರಿಯಾದೋರಿಗೆಲ್ಲ ಖುಷಿ. ಸ್ಟಾಪ್ ಕೊಟ್ಟ ದಿನ ಲಾಡು ಬೇರೆ ಹಂಚಿದ್ರು, ನಾನು ಎರಡು ತಿಂದೆ.

ಇವತ್ತು ಬೆಳಿಗ್ಗೆ ನಮ್ಮ ಕಾಲೇಜ್ ಟ್ರೈನ್ ಲೇಟು. ಅದರ ಬದ್ಲು ಇದು ಬಂತು. ನನ್ನ ಫ್ರೆಂಡ್ ತ್ರಿವೇಣಿ ಬೋರ್ಡ್ ನೋಡ್ಲೇ ಇಲ್ಲ. ದಿನಾ ಮಾಡೋ ಹಾಗೆ ಓಡಿಹೋಗಿ ಕಿಟಕಿಯೊಳಗೆ ವೇಲು, ಬ್ಯಾಗು ಎಸೆದು ಸೀಟ್ ಹಿಡಿದ್ಲು.

ಈ ಟ್ರೈನಲ್ಲಿ ಸೀಟ್ ಹಿಡಿದೋರು ಹತ್ತೋವರೆಗೂ ಅದು ಹೊರಡಲ್ಲ. ಚಿಕ್ಕ ಮಕ್ಕಳಿಗೂ ಗೊತ್ತು ಇದು.

"ಲೇ, ನಾನು ಸತ್ತಿಲ್ಲ ಕಣೇ," ಅಂತ ತ್ರಿವೇಣಿ ನಗೋಕೆ ನೋಡಿದ್ಲು.

ಒಳಗಿದ್ದ ತಾತ ಒಬ್ರು ಆ ವೇಲನ್ನ ಮಡಿಸಿ ಸೀಟ್ ಮೇಲೆ ನೀಟಾಗಿ ಇಟ್ರು. ಹಿಂದೆ ನಮ್ಮ ಟ್ರೈನ್ ಬಂದು ಸಿಗ್ನಲ್‌ನಲ್ಲಿ ನಿಂತು ಹಾರ್ನ್ ಹೊಡೀತಾ ಇತ್ತು. ಪ್ಲಾಟ್‌ಫಾರ್ಮಲ್ಲಿದ್ದ ಜನ ವಾಚ್ ನೋಡ್ಕೊಂಡ್ರು, ಆಮೇಲೆ ಅವಳನ್ನ ನೋಡಿದ್ರು.

ದಿನಾ ನಮಗೆ ಚಕ್ಕುಲಿ ಕೊಡೋ ಬ್ಯಾಂಕ್ ಆಂಟಿ ಬಂದು ಅವಳ ತಲೆ ಸವರಿದ್ರು. "ಬೇಗ ಹತ್ತಮ್ಮ. ಎಲ್ರಿಗೂ ಲೇಟಾಗ್ತಿದೆ."

"ಅವಳು ಹತ್ತಲ್ಲ ಆಂಟಿ," ಅಂದೆ, ಅವಳನ್ನ ಗಟ್ಟಿಯಾಗಿ ಹಿಡ್ಕೊಂಡು.

ಆಂಟಿ ಕಿಟಕಿ ಕಡೆ ಕೈ ತೋರಿಸಿದ್ರು. ವೇಲ್ ಪಕ್ಕದ ಸೀಟಲ್ಲಿ ತ್ರಿವೇಣಿ ಬ್ಯಾಗ್ ಇತ್ತು. ದಿನಾ ಅದನ್ನ ಹಾಕಿ ಅವಳು ಹಿಡಿಯೋದು ನನ್ನ ಸೀಟು.

"ನೀನೂ ಹತ್ತು ಪುಟ್ಟಿ," ಅಂದ್ರು ಆಂಟಿ. ಜನ ಇಬ್ಬರಿಗೂ ದಾರಿ ಬಿಟ್ರು.